ಗ್ರಂಥಸೂಚಿಗಳಲ್ಲಿ ಪೂರ್ವಸ್ವಾಮಿಗಳ ಉಲ್ಲೇಖ

1

ಹಳೆಯ ಗ್ರಂಥವೊಂದನ್ನು ವರ್ಣಿಸುವ ಸೂಚಿಕಾರನು ಅದರ ಹೆಸರು, ಕರ್ತೃ, ಲಿಪಿ, ಓಲೆಗಳ ಸಂಖ್ಯೆ, ಓಲೆಯೊಂದರಲ್ಲಿರುವ ಪಂಕ್ತಿಗಳ ಸಂಖ್ಯೆ, ಆದಿಯ ಮತ್ತು ಅಂತ್ಯದ ವಾಕ್ಯಗಳು ಇವನ್ನು ತಪ್ಪದೆ ಬರೆಯುತ್ತಾನೆ. ಆ ಗ್ರಂಥವು ಯಾರ ಮನೆಯಲ್ಲಿ ಇದ್ದಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು, ಕಡೆಗೆ ಯಾರು ಅದನ್ನು ಭಂಡಾರಕ್ಕೆ ಒಪ್ಪಿಸಿದರು ಎಂಬುದನ್ನು ಮಾತ್ರ ಬಹುಮಟ್ಟಿಗೆ ಬಿಟ್ಟುಬಿಡುತ್ತಾನೆ. ಗ್ರಂಥವು ಭಂಡಾರದ ಬಾಗಿಲಲ್ಲಿಯೇ ಹುಟ್ಟಿತೋ ಎಂಬಂತೆ ಅದರ ವೃತ್ತಾಂತವು ಕ್ರಮಸಂಖ್ಯೆಯಿಂದ ಪ್ರಾರಂಭವಾಗುತ್ತದೆ.

ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯವು ಇಷ್ಟೆ. ಪೂರ್ವಸ್ವಾಮಿಯ ಹೆಸರು ಗ್ರಂಥಕ್ಕೆ ಹೊರಗಣ ಸಂಗತಿಯಲ್ಲ. ಅದು ಪಾಠಪರಂಪರೆಯ ಒಂದು ಅಂಗ. ಯಾವ ಪ್ರತಿಯು ಯಾವ ಮನೆಯದೆಂದು ತಿಳಿಯದಿದ್ದರೆ ಯಾವ ಪ್ರತಿಗೆ ಯಾವುದು ಮೂಲವೆಂಬುದನ್ನು ನಿರ್ಣಯಿಸುವ ಒಂದು ಸಾಧನವು ನಮ್ಮ ಕೈತಪ್ಪುತ್ತದೆ. ಅಲ್ಲದೆ, ಹುಳು, ಹೊಗೆ, ನೀರುಗಳಿಂದ ಗ್ರಂಥವನ್ನು ತಲೆಮಾರುಗಳ ಕಾಲ ಕಾಪಾಡಿದವರಿಗೆ ನಾವು ತೀರಿಸಬೇಕಾದ ಋಣವೂ ಉಳಿದುಹೋಗುತ್ತದೆ. ಇವೆರಡನ್ನೂ ನಿದರ್ಶನಗಳಿಂದ ತೋರಿಸಲು ಯತ್ನಿಸುತ್ತೇನೆ.

2

ಗ್ರಂಥದ ಒಡೆತನವನ್ನು ಬರೆದಿಡುವ ಪದ್ಧತಿಯು ನಮಗೆ ಹೊಸದಲ್ಲ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರು. ಓಲೆಯ ಪ್ರತಿಗಳ ಕೊನೆಯಲ್ಲಿ ಬರುವ ಗದ್ಯಗಳನ್ನೂ ಪ್ರಶಸ್ತಿಗಳನ್ನೂ ನೋಡಿದರೆ ನಾಲ್ವರು ಬೇರೆಬೇರೆ ವ್ಯಕ್ತಿಗಳು ಕಾಣಬರುತ್ತಾರೆ: ಬರೆದವನು, ಬರೆಯಿಸಿದವನು, ಯಾರಿಗಾಗಿ ಬರೆಯಿಸಲಾಯಿತೋ ಆತನು, ಮತ್ತು ಅನಂತರ ಪುಸ್ತಕವನ್ನು ಹೊಂದಿದವನು. ಈ ನಾಲ್ವರನ್ನು ಒಬ್ಬನೇ ಎಂದು ಭ್ರಮಿಸುವುದರಿಂದ ಎಷ್ಟೋ ಕಾಲನಿರ್ಣಯಗಳು ಕೆಟ್ಟಿವೆ.

ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾ ಗ್ರಂಥದ ತಾಳೆಯೋಲೆಯ ಪ್ರತಿಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಆ ಮಹಾವ್ಯಾಖ್ಯಾನದ ಹಳಗನ್ನಡ ಲಿಪಿಯ ಪ್ರತಿಯು ಉಳಿದಿರದಿದ್ದರೆ, 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹೊರಬಂದ ಮುದ್ರಣವು ಸಾಧ್ಯವಾಗುತ್ತಿರಲಿಲ್ಲ. ಪ್ರತಿಯ ಪ್ರಶಸ್ತಿಯಲ್ಲಿ, ಗಂಗವಂಶದ ಭುಜಬಲಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕನು ಶ್ರುತಪಂಚಮೀವ್ರತದ ಉದ್ಯಾಪನೆಯಲ್ಲಿ ಈ ಗ್ರಂಥವನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ಹೇಳಿದೆ. ಅದೇ ಭಂಡಾರದ ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ.

ಈ ಕೆಲವೇ ಪಂಕ್ತಿಗಳಿಂದ ತಿಳಿಯಬರುವ ಅಂಶಗಳನ್ನು ಗಮನಿಸಬೇಕು. ಶುಭಚಂದ್ರರ ನಿಧನವನ್ನು ಶ್ರವಣಬೆಳಗೊಳದ ಶಾಸನವು ಶಕ 1045 ಎಂದರೆ ಕ್ರಿ. ಶ. 1123ಕ್ಕೆ ಹೇಳುವುದರಿಂದ ಧವಲೆಯ ದಾನವು ಅದಕ್ಕಿಂತ ಈಚಿನದಾಗಲಾರದೆಂಬುದು ಸ್ಪಷ್ಟ. ಗ್ರಂಥವು ಮೂಡಬಿದಿರೆಯಲ್ಲಿ ಮೊದಲು ನೆಲೆಗೊಂಡುದಲ್ಲ, ಘಟ್ಟದ ಮೇಲಿನಿಂದ ಇಳಿದುಬಂದುದು ಎಂಬುದೂ ಅದರಿಂದಲೇ ತಿಳಿಯುತ್ತದೆ. ಸಿದ್ಧಾಂತಗ್ರಂಥಗಳ ರಕ್ಷಣೆಯಲ್ಲಿ ಸ್ತ್ರೀಯರ ಪಾತ್ರವೆಷ್ಟೆಂಬುದಕ್ಕೂ ಪ್ರತ್ಯಕ್ಷಪ್ರಮಾಣವು ದೊರಕುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ನಾವು ಬಲ್ಲೆವು. ರನ್ನನು ಆಕೆಯನ್ನು ಸ್ತುತಿಸಿದನಾಗಿ ಆಕೆಯ ಹೆಸರು ಉಳಿಯಿತು. ದೇಮಿಯಕ್ಕನ ಮತ್ತು ಮಲ್ಲಿಕಬ್ಬೆಯ ಹೆಸರುಗಳು ಉಳಿದಿರುವುದು ಓಲೆಯ ಕೊನೆಯ ಪಂಕ್ತಿಗಳಿಂದ. ಸೂಚಿಕಾರನು “ಸಮಗ್ರ, ಹಳಗನ್ನಡ ಲಿಪಿ” ಎಂದಿಷ್ಟೇ ಬರೆದು ಮುಂದೆ ಸಾಗಿದ್ದರೆ, ಪ್ರತಿಯನ್ನು ಕಣ್ಣಾರೆ ಕಾಣದ ವಿದ್ವಾಂಸರಿಗೆ ಈ ಸಂಗತಿಗಳಾವುವೂ ಗೋಚರಿಸುತ್ತಿರಲಿಲ್ಲ.

ಇನ್ನೊಂದು ಉಪಯೋಗವುಂಟು. ನಮ್ಮ ಓಲೆಗಳಲ್ಲಿ ಅನೇಕವು ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನು ಮಾತ್ರ ಹೇಳುತ್ತವೆ. “ವಿಳಂಬಿ ಸಂವತ್ಸರದಲ್ಲಿ ಬರೆದು ಮುಗಿಯಿತು” ಎಂದಿದ್ದರೆ ಅದು 1718ನೆಯ ವರ್ಷವೋ, 1778ನೆಯದೋ, 1838ನೆಯದೋ ಎಂದು ಲಿಪಿಯನ್ನು ನೋಡಿ ನಿಶ್ಚಯಿಸುವುದು ಪರಿಣತರಿಗೂ ಕಷ್ಟ. ಆದರೆ ಬರೆಯಿಸಿದ ಒಡೆಯನ ಹೆಸರಿದ್ದು, ಆ ಹೆಸರಿನ ವ್ಯಕ್ತಿಯು ಅದೇ ಊರಿನ ಶಾಸನದಲ್ಲಿಯೋ ಸನ್ನದಿನಲ್ಲಿಯೋ ದೊರೆತರೆ ಅರುವತ್ತು ವರ್ಷಗಳ ಸಂದೇಹವು ಒಮ್ಮೆಗೇ ಪರಿಹಾರವಾಗುತ್ತದೆ.

3

ಗ್ರಂಥಸ್ವಾಮಿಯ ಗುರುತಿನಿಂದ ಚದರಿಹೋದ ಭಂಡಾರವೊಂದನ್ನೇ ಮತ್ತೆ ಕಲ್ಪಿಸಿಕೊಳ್ಳಬಹುದೆಂಬುದಕ್ಕೆ ಕಾಶಿಯ ಕವೀಂದ್ರಾಚಾರ್ಯ ಸರಸ್ವತಿಗಳ ವೃತ್ತಾಂತವೇ ಸಾಕ್ಷಿ. ಗೋದಾವರೀತೀರದಿಂದ ಕಾಶಿಗೆ ಬಂದು ನೆಲೆಸಿದ ಈ ಸಂನ್ಯಾಸಿಗಳು ಷಾಹಜಹಾನನ ಆಸ್ಥಾನದಲ್ಲಿ ಗೌರವವನ್ನು ಪಡೆದು, ಪ್ರಯಾಗ ಕಾಶಿಗಳ ಯಾತ್ರಿಕರ ಮೇಲಿದ್ದ ತೆರಿಗೆಯನ್ನು ತೆಗೆಯಿಸಿದರು. ಅದಕ್ಕಾಗಿ ಪಂಡಿತರು ಅವರನ್ನು ಸ್ತುತಿಸಿ ರಚಿಸಿದ ಪದ್ಯಗಳ ಸಂಗ್ರಹವು ಕವೀಂದ್ರಚಂದ್ರೋದಯವೆಂದು ಪ್ರಸಿದ್ಧವಾಗಿದ್ದು 1939ರಲ್ಲಿ ಪುಣೆಯಿಂದ ಮುದ್ರಿತವಾಯಿತು. ಫ್ರೆಂಚ್ ಪ್ರವಾಸಿ ಬರ್ನಿಯೆಯು ಕಾಶಿಯಲ್ಲಿ ಕಂಡ ಮಹಾಪಂಡಿತನು ಇವರೇ ಎಂದು ಪಿ. ಕೆ. ಗೋಡೆಯವರು ವಾದಿಸಿದ್ದಾರೆ.

ಕವೀಂದ್ರಾಚಾರ್ಯರ ಗ್ರಂಥಭಂಡಾರವು ಅವರ ಅನಂತರ ಒಂದೆಡೆ ಉಳಿಯಲಿಲ್ಲ. ಆದರೆ ಅವರ ಪುಸ್ತಕಗಳ ಮೊದಲ ಪತ್ರದ ಮೇಲೆ, ಇದು ಸರ್ವವಿದ್ಯಾನಿಧಾನ ಕವೀಂದ್ರಾಚಾರ್ಯ ಸರಸ್ವತಿಗಳದೆಂಬ ಅಭಿಪ್ರಾಯದ ಸ್ವಾಮ್ಯಸೂಚಕವಾದ ಬರಹವಿರುತ್ತಿತ್ತು. ಬಿಕಾನೇರದ ಅನೂಪ ಸಂಸ್ಕೃತ ಪುಸ್ತಕಾಲಯದಲ್ಲಿಯೂ ಇತರ ಸಂಗ್ರಹಗಳಲ್ಲಿಯೂ ಈ ಗುರುತಿನ ಪುಸ್ತಕಗಳು ಕಂಡುಬಂದಿವೆ. ಅವರ ಭಂಡಾರದ ಹಳೆಯ ಪಟ್ಟಿಯೊಂದು ದೊರೆತು, ಆರ್. ಅನಂತಕೃಷ್ಣ ಶಾಸ್ತ್ರಿಗಳಿಂದ ಸಂಪಾದಿತವಾಗಿ 1921ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ 17ನೆಯ ಗ್ರಂಥವಾಗಿ ಪ್ರಕಟವಾಯಿತು. ಪಟ್ಟಿಯು ಇದ್ದುದೇನೆಂಬುದನ್ನು ಹೇಳುತ್ತದೆ. ಪತ್ರದ ಮೇಲಣ ಗುರುತು ಉಳಿದುದೆಲ್ಲಿದೆ ಎಂಬುದನ್ನು ಹೇಳುತ್ತದೆ. ಹದಿನೇಳನೆಯ ಶತಮಾನದ ಕಾಶಿಯಲ್ಲಿ ಓರ್ವ ವಿದ್ವಾಂಸನು ಏನೇನನ್ನು ಓದಬಲ್ಲವನಾಗಿದ್ದನೆಂಬ ಪ್ರಶ್ನೆಗೆ ಇವೆರಡೂ ಸೇರಿದರೆ ಮಾತ್ರ ಉತ್ತರವುಂಟು. ಸೂಚಿಕಾರರು ಆ ಒಂದು ಪಂಕ್ತಿಯನ್ನು ಲಕ್ಷಿಸದೆ ಬಿಟ್ಟಿದ್ದರೆ ಪಟ್ಟಿಯು ಬರಿಯ ಹೆಸರುಗಳ ಮಾಲೆಯಾಗಿ ಉಳಿಯುತ್ತಿತ್ತು.

ಹೊರನಾಡಿನವರೂ ಈ ಮಾರ್ಗವನ್ನೇ ಹಿಡಿದು ದೊಡ್ಡ ಫಲವನ್ನು ಪಡೆದಿದ್ದಾರೆ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು 1536ರಿಂದ 1540ರವರೆಗೆ ಮಠಗಳನ್ನು ಮುಚ್ಚಿಸಿದಾಗ ಅವುಗಳ ಪುಸ್ತಕಗಳು ದಿಕ್ಕುಪಾಲಾದುವು. ನೀಲ್ ಕೆರ್ ಎಂಬ ವಿದ್ವಾಂಸರು ಉಳಿದ ಪುಸ್ತಕಗಳ ಮೇಲಣ ಒಡೆತನದ ಬರಹಗಳನ್ನೂ ಕಪಾಟಿನ ಗುರುತುಗಳನ್ನೂ ಪರೀಕ್ಷಿಸಿ, ಯಾವ ಯಾವ ಪುಸ್ತಕವು ಯಾವ ಯಾವ ಮಠದ್ದೆಂದು ತೋರಿಸುವ ಪಟ್ಟಿಯನ್ನು 1941ರಲ್ಲಿ ಪ್ರಕಟಿಸಿದರು. ಕವೀಂದ್ರಾಚಾರ್ಯರ ವಿಷಯದಲ್ಲಿ ಒಂದು ಭಂಡಾರಕ್ಕೆ ಸಾಧ್ಯವಾದುದು ಅಲ್ಲಿ ಒಂದು ದೇಶದ ಮಠಗಳಿಗೆಲ್ಲ ಸಾಧ್ಯವಾಯಿತು.

4

ಹೀಗಿರಲು, ನಮ್ಮ ದೇಶದ ಗ್ರಂಥಗಳಿಗೆ ಸೂಚಿಗಳು ಏರ್ಪಟ್ಟಾಗ ಈ ಅಂಶವು ಹೇಗೆ ಜಾರಿಹೋಯಿತೆಂಬುದನ್ನು ವಿಚಾರಿಸಬೇಕಾಗಿದೆ.

1821ರಲ್ಲಿ ನಿಧನಹೊಂದಿದ ಕರ್ನಲ್ ಮೆಕೆಂಜಿಯು ದಕ್ಷಿಣದೇಶದಲ್ಲಿ ಸಂಗ್ರಹಿಸಿದ ಗ್ರಂಥ, ಕೈಫಿಯತ್ತು, ಶಾಸನಪ್ರತಿಗಳ ರಾಶಿಯು ವಿದ್ವಾಂಸರಿಗೆ ಸುಪರಿಚಿತವಾದುದು. ಅದನ್ನು ಊರೂರು ತಿರುಗಿ ಕೂಡಿಸಿದವರು ಕಾವಲಿ ಬೊರಯ್ಯ, ಲಕ್ಷ್ಮಯ್ಯ, ಮಲೆಯೂರಿನ ಜೈನಪಂಡಿತ ಧರ್ಮಯ್ಯ ಮೊದಲಾದವರು. ಎಚ್. ಎಚ್. ವಿಲ್ಸನ್ನರು 1828ರಲ್ಲಿ ಅದರ ಸೂಚಿಯನ್ನು ಪ್ರಕಟಿಸಿದಾಗ ಗ್ರಂಥಗಳನ್ನು ಭಾಷೆಯ ಮತ್ತು ವಿಷಯದ ಕ್ರಮದಲ್ಲಿ ವಿಂಗಡಿಸಿದರು. ಓದುವವರಿಗೆ ಅದು ಅನುಕೂಲವೇ ಸರಿ. ಆದರೆ ಒಂದೇ ಮನೆಯಿಂದ ಒಂದೇ ದಿನ ಬಂದ ಕಟ್ಟುಗಳು ಬೇರೆಬೇರೆ ಪ್ರಕರಣಗಳಿಗೆ ಹಂಚಿಹೋಗಲು, ಅವು ಒಂದೇ ಮನೆಯವೆಂಬ ಅರಿವು ಅಳಿಯಿತು.

ಲಂಡನ್ನಿನ ಇಂಡಿಯಾ ಆಫೀಸ್ ಭಂಡಾರದ ಸಂಸ್ಕೃತಗ್ರಂಥಗಳ ಸೂಚಿಯನ್ನು ಎಗ್ಗೆಲಿಂಗರು 1887ರಿಂದ ಭಾಗಭಾಗವಾಗಿ ಹೊರತಂದರು. ಅದರಲ್ಲಿ ಒಂದೊಂದು ಗ್ರಂಥದ ವರ್ಣನೆಯ ಕೊನೆಗೂ ಕೋಲ್‌ಬ್ರೂಕ್, ಮೆಕೆಂಜಿ, ಗಾಯಕವಾಡ ಎಂದು ಸಂಗ್ರಹದ ಹೆಸರನ್ನು ಚೌಕಕಂಸದಲ್ಲಿ ಮುದ್ರಿಸಿರುವುದು ಶ್ಲಾಘ್ಯವಾದ ಕ್ರಮ. ಕೋಲ್‌ಬ್ರೂಕರು ತಮ್ಮ ಸಂಗ್ರಹವನ್ನು 1819ರಲ್ಲಿ ದಾನಮಾಡಿದವರು. ಅವರ ಹೆಸರು ಉಳಿಯತಕ್ಕುದೇ ನ್ಯಾಯ. ಆದರೆ ಸ್ವಾಮಿತ್ವದ ಸರಪಳಿಯು ಅಲ್ಲಿಗೇ ಮುಗಿಯತಕ್ಕುದಲ್ಲ. ಕೋಲ್‌ಬ್ರೂಕರಿಗೆ ಪುಸ್ತಕವನ್ನು ಕೊಟ್ಟ ಪಂಡಿತನೂ ಅವನ ಪಿತಾಮಹನೂ ಅದೇ ಸರಪಳಿಯ ಕೊಂಡಿಗಳು. ಕಡೆಯ ಕೊಂಡಿಯ ಹೆಸರು ಪ್ರತಿ ಪುಟದಲ್ಲಿಯೂ ಮೆರೆಯುತ್ತಿದೆ. ಅದರ ಹಿಂದಿನವು, ಪತ್ರದ ಮೇಲೆ ಬರಹವಿದ್ದ ಕಡೆಗಳಲ್ಲಿ ಮಾತ್ರ, ವರ್ಣನೆಯ ನಡುವೆ ಆಗೊಮ್ಮೆ ಈಗೊಮ್ಮೆ ಇಣಿಕಿನೋಡುತ್ತವೆ.

ಇದಕ್ಕೆ ವಿಪರೀತವಾದ ನಿದರ್ಶನವು ಮದರಾಸಿನ ಗುಸ್ತಾವ್ ಓಪ್ಪರ್ಟರದು. 1880ರಲ್ಲಿಯೂ 1885ರಲ್ಲಿಯೂ ಎರಡು ಸಂಪುಟಗಳಾಗಿ ಹೊರಟ ಅವರ ಪಟ್ಟಿಗಳು ದಕ್ಷಿಣಭಾರತದ ಮನೆಮನೆಗಳಲ್ಲಿದ್ದ ಸಂಸ್ಕೃತಗ್ರಂಥಗಳನ್ನು ಆಯಾ ಊರಿನ ಆಯಾ ಒಡೆಯನ ಹೆಸರಿನ ಕೆಳಗೆ ಕೊಡುತ್ತವೆ. ಅವುಗಳಲ್ಲಿ ಗ್ರಂಥನಾಮಗಳೂ ಕರ್ತೃನಾಮಗಳೂ ಅನೇಕ ಕಡೆ ಅಶುದ್ಧವಾಗಿವೆಯೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ, ಆಕ್ಷೇಪವು ಯುಕ್ತವೇ. ಆದರೂ ಮನೆಗಳು ಬರಿದಾಗಿ ಓಲೆಗಳು ಚದರಿಹೋದ ಈ ಕಾಲದಲ್ಲಿ, ಒಂದು ಅಗ್ರಹಾರದ ಒಂದು ಮನೆಯಲ್ಲಿ ಮೀಮಾಂಸೆಯ ಗ್ರಂಥಗಳೇ ಹೆಚ್ಚಾಗಿದ್ದುವೆಂದು ತಿಳಿಯಲು ಅಂತಹ ಪಟ್ಟಿಯಲ್ಲದೆ ಬೇರೆ ಗತಿಯಿಲ್ಲ. ಹೆಸರುಗಳಲ್ಲಿ ತಪ್ಪಿದ ಪಟ್ಟಿಯೂ ಒಡೆಯನನ್ನು ಹೇಳಿದ ಮಾತ್ರದಿಂದ ನೂರು ವರ್ಷಗಳಿಗೂ ಮೀರಿ ಬಾಳಿತು. ನಮ್ಮ ನಾಡಿನಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಜೈನಭಂಡಾರಗಳ ತಾಡಪತ್ರಗ್ರಂಥಗಳಿಗೆ ರಚಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಸೂಚಿಯೂ ಯಾವ ಗ್ರಂಥವು ಯಾವ ಭಂಡಾರದ್ದೆಂಬುದನ್ನು ಬಿಡದೆ ತೋರಿಸುವುದರಿಂದ ಇಂದಿಗೂ ಉಪಯುಕ್ತವಾಗಿದೆ.

5

ಈಗ ನಮ್ಮ ಮೈಸೂರಿನ ಕೀರ್ತಿಗೆ ಕಾರಣವಾದ ಗ್ರಂಥದ ವಿಷಯಕ್ಕೆ ಬರೋಣ. 1891ರಲ್ಲಿ ಸ್ಥಾಪಿತವಾದ ಮೈಸೂರು ಪ್ರಾಚ್ಯಕೋಶಾಗಾರಕ್ಕೆ 20ನೆಯ ಶತಮಾನದ ಆದಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯೊಂದು ಬಂದಿತು. ಅದರ ಲಿಪಿ ಗ್ರಂಥಲಿಪಿ. ಜತೆಯಲ್ಲಿ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಖಂಡವೂ ಇದ್ದಿತು. ಆರ್. ಶಾಮಶಾಸ್ತ್ರಿಗಳು ಅದರ ಮಹತ್ವವನ್ನರಿತು 1905ರಿಂದ ಇಂಗ್ಲಿಷ್ ಅನುವಾದದ ಭಾಗಗಳನ್ನೂ, 1909ರಲ್ಲಿ ಮೂಲವನ್ನೂ, 1915ರಲ್ಲಿ ಸಮಗ್ರ ಅನುವಾದವನ್ನೂ ಪ್ರಕಟಿಸಿದರು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ವಿಚಾರವೇ ಅದರಿಂದ ಹೊಸ ದಾರಿಯನ್ನು ಹಿಡಿಯಿತು. ಶಾಸ್ತ್ರಿಗಳ ಪಾಂಡಿತ್ಯಕ್ಕೂ ಪರಿಶ್ರಮಕ್ಕೂ ಲೋಕವೇ ತಲೆಬಾಗಿದೆ. ಆ ಗೌರವವನ್ನು ಕುಂದಿಸುವ ಉದ್ದೇಶವು ನನಗೆ ಲವಲೇಶವೂ ಇಲ್ಲ.

ಆದರೆ ಆ ಓಲೆಯನ್ನು ತಂದುಕೊಟ್ಟವರು ಯಾರು? ಶಾಸ್ತ್ರಿಗಳ ಪೀಠಿಕೆಯಿಂದ ತಿಳಿಯಬರುವುದು ಅವರು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಎಂಬುದಷ್ಟೆ. ಹೆಸರು ಅಲ್ಲಿ ಇಲ್ಲ, ಊರು ಇಲ್ಲ. ಶತಮಾನಗಳವರೆಗೆ ಕಾಣದಿದ್ದ ಗ್ರಂಥವನ್ನು ಮನೆಯ ಅಟ್ಟದ ಮೇಲೋ ಪೂಜೆಯ ಪೆಟ್ಟಿಗೆಯಲ್ಲೋ ಕಾಪಾಡಿ ತಂದು ನಾಡಿಗೆ ಒಪ್ಪಿಸಿದವರು “ಒಬ್ಬ ಪಂಡಿತರು” ಎಂಬ ಎರಡು ಪದಗಳಾಗಿ ಉಳಿದಿದ್ದಾರೆ.

ಇದರಿಂದ ಆದ ನಷ್ಟವು ಕೃತಜ್ಞತೆಗೆ ಸಂಬಂಧಿಸಿದುದು ಮಾತ್ರವಲ್ಲ. ಅನಂತರ ಗಣಪತಿ ಶಾಸ್ತ್ರಿಗಳು 1924-25ರಲ್ಲಿ ತಿರುವನಂತಪುರದಿಂದ ಪ್ರಕಟಿಸಿದ ಆವೃತ್ತಿಯು ಕೇರಳದ ಪ್ರತಿಗಳನ್ನು ಆಧರಿಸಿದ್ದಿತು. ಗುಜರಾತಿನ ಪಾಟಣದ ಜೈನಭಂಡಾರದಲ್ಲಿ ದೊರೆತ ಖಂಡಪ್ರತಿಯು 1959ರಲ್ಲಿ ಜಿನವಿಜಯಮುನಿಗಳಿಂದ ಪ್ರಕಟವಾಯಿತು. 1960ರಲ್ಲಿ ಆರ್. ಪಿ. ಕಾಂಗಲೆಯವರು ಇವೆಲ್ಲವನ್ನೂ ತೂಗಿನೋಡಿ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿದರು. ಹೀಗೆ ಪ್ರತಿಗಳ ಪರಸ್ಪರಸಂಬಂಧವನ್ನು ವಿಚಾರಿಸುವಾಗ, ತಂಜಾವೂರಿನ ಮನೆಗೆ ಆ ಓಲೆಯು ಕೇರಳದಿಂದ ಬಂದುದೋ ಅಥವಾ ಚೋಳದೇಶದಲ್ಲಿಯೇ ಬೇರೊಂದು ಪರಂಪರೆ ನಡೆದು ಬಂದಿದ್ದಿತೋ ಎಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಮನೆತನದ ಹೆಸರು ತಿಳಿದಿದ್ದರೆ ಅವರ ಗುರುಪರಂಪರೆಯನ್ನೂ ಬಾಂಧವ್ಯವನ್ನೂ ವಿಚಾರಿಸಿ ಉತ್ತರವನ್ನು ಅರಸಬಹುದಾಗಿದ್ದಿತು. ಭಟ್ಟಸ್ವಾಮಿಯ ವ್ಯಾಖ್ಯಾನದ ಉಳಿದ ಓಲೆಗಳನ್ನು ಅದೇ ಮನೆಯಲ್ಲಿ, ಅದೇ ಬೀದಿಯಲ್ಲಿ ಹುಡುಕುವುದಕ್ಕೆ ದಾರಿಯಿರುತ್ತಿದ್ದಿತು. ಒಂದು ಪಂಕ್ತಿಯ ಬರಹವಿಲ್ಲದುದರಿಂದ ಆ ದಾರಿಯು ಮುಚ್ಚಿತು.

6

ಈ ವಿಷಯದಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಕ್ಷಮಿಸುವರೆಂದು ನಂಬಿದ್ದೇನೆ. ನನಗೆ ವ್ಯಾಕರಣವನ್ನು ಪಾಠ ಹೇಳಿದ ಗುರುಗಳ ಮನೆಯಲ್ಲಿ ಪರಿಭಾಷೇಂದುಶೇಖರದ ಓಲೆಯ ಕಟ್ಟೊಂದಿದ್ದಿತು. ಅದರ ಅಂಚುಗಳಲ್ಲಿ ಗುರುಗಳ ಪಿತಾಮಹರು ಸಣ್ಣ ಅಕ್ಷರಗಳಲ್ಲಿ ಬರೆದಿದ್ದ ಟಿಪ್ಪಣಿಗಳಿದ್ದುವು. ಕಠಿನವಾದ ಸ್ಥಳವು ಬಂದಾಗಲೆಲ್ಲ ಗುರುಗಳು “ತಾತ ಏನು ಹೇಳಿದ್ದಾರೆ ನೋಡೋಣ” ಎಂದು ಕಟ್ಟನ್ನು ಬಿಚ್ಚುತ್ತಿದ್ದರು. ಗುರುಗಳು ದಿವಂಗತರಾದ ಮೇಲೆ ಮನೆಯು ಮಾರಾಟವಾಯಿತು; ಓಲೆಗಳು ಎಲ್ಲಿಗೆ ಹೋದುವೋ ತಿಳಿಯಲಿಲ್ಲ.

ಸುಮಾರು ಹನ್ನೆರಡು ವರ್ಷಗಳ ಅನಂತರ ಬೇರೊಂದು ಕಾರ್ಯಕ್ಕಾಗಿ ಒಂದು ಭಂಡಾರಕ್ಕೆ ಹೋಗಿದ್ದಾಗ ಕಟ್ಟೊಂದನ್ನು ತರಿಸಿದೆನು. ಮೇಲಣ ಹಲಗೆಯ ಒಂದು ಮೂಲೆ ಸುಟ್ಟಿದ್ದಿತು. ಹಣತೆಯು ಉರುಳಿ ಆ ಮೂಲೆ ಸುಟ್ಟ ರಾತ್ರಿ ನಾನು ಅಲ್ಲಿಯೇ ಕುಳಿತಿದ್ದೆನು. ಸೂಚಿಯನ್ನು ನೋಡಲು, “ಪರಿಭಾಷೇಂದುಶೇಖರ, ಸಟಿಪ್ಪಣ, ಟಿಪ್ಪಣಿಕಾರ ಅಜ್ಞಾತ, ಕ್ರಯಕ್ಕೆ ಕೊಂಡುದು” ಎಂದಿಷ್ಟೇ ಇದ್ದಿತು. ಟಿಪ್ಪಣಿಕಾರರು ಅಜ್ಞಾತರಾಗಿರಲಿಲ್ಲ. ಯಾವ ಊರಿನ ಯಾರಿಂದ ಕೊಂಡುದೆಂದು ಬರೆದಿದ್ದರೆ ಯಾರಾದರೂ ಹೋಗಿ ವಿಚಾರಿಸಿ ತಿಳಿಯಬಹುದಾಗಿದ್ದಿತು. ಅಲ್ಲಿಯ ಅಧಿಕಾರಿಗಳು ನನ್ನ ಮಾತನ್ನು ಸೌಜನ್ಯದಿಂದ ಕೇಳಿದರು. ಆದರೆ ಸೂಚಿಯು ಆಗಲೇ ಮುದ್ರಿತವಾಗಿದ್ದಿತು.

ಮನೆಗೆ ಬಂದು, ವಿದ್ಯಾರ್ಥಿಯಾಗಿದ್ದಾಗ ಆ ಟಿಪ್ಪಣಿಗಳನ್ನು ನಾನೇ ಬರೆದುಕೊಂಡಿದ್ದ ಪುಸ್ತಕವನ್ನು ತೆರೆದು ನೋಡಿದೆನು. ಅದರಲ್ಲಿಯೂ ಅವರ ಹೆಸರಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ತಿಳಿದುದನ್ನು ಬರೆಯುವುದೇಕೆಂದು ಬಿಟ್ಟಿದ್ದೆನು. ಸೂಚಿಕಾರನನ್ನು ದೂಷಿಸುವ ಅಧಿಕಾರವು ನನಗಿಲ್ಲವೆಂಬುದು ಅಂದು ತಿಳಿಯಿತು. ಎಲ್ಲರಿಗೂ ತಿಳಿದಿರುವ ಸಂಗತಿಯೇ ಮೊದಲು ಮರೆತುಹೋಗುವುದು.

7

ಪೂರ್ವಪಕ್ಷದಲ್ಲಿ ಕೆಲವು ಆಕ್ಷೇಪಗಳುಂಟು. ಒಡೆಯನ ಹೆಸರಿನಿಂದ ಗ್ರಂಥಾರ್ಥಕ್ಕೆ ಏನು ಪ್ರಯೋಜನವೆಂಬುದು ಮೊದಲನೆಯದು. ಇದಕ್ಕೆ ಸಮಾಧಾನವನ್ನು ಮೇಲೆಯೇ ಹೇಳಿದ್ದಾಗಿದೆ. ಬೆಲೆಯನ್ನು ಹೆಚ್ಚಿಸಲು ಸುಳ್ಳು ಮನೆತನಗಳನ್ನು ಕಲ್ಪಿಸುವರೆಂಬುದು ಎರಡನೆಯದು. ಅದಕ್ಕಾಗಿಯೇ ಸೂಚಿಕಾರನು ಓಲೆಯ ಮೇಲಿರುವುದನ್ನೂ, ಕೊಟ್ಟವರು ಹೇಳಿದುದನ್ನೂ, ತಾನು ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯಬೇಕು. ಮಾರಿದವರು ತಮ್ಮ ಹೆಸರು ಪ್ರಕಟವಾಗುವುದನ್ನು ಬಯಸದಿರಬಹುದೆಂಬುದು ಮೂರನೆಯದು. ಬಡತನದಿಂದ ಪಿತ್ರಾರ್ಜಿತವನ್ನು ಮಾರಿದವರ ಸಂಕೋಚವನ್ನು ಗೌರವಿಸತಕ್ಕುದೇ. ಅಂತಹ ಸಂದರ್ಭದಲ್ಲಿ ವಿವರವು ಭಂಡಾರದ ಆಂತರಿಕ ದಾಖಲೆಯಲ್ಲಿರಲಿ. ಕಾಲ ಕಳೆದ ಮೇಲೆ ಸೂಚಿಗೆ ಬರಲಿ. ಪ್ರಕಟಿಸದಿರುವುದು ಬೇರೆ, ಬರೆಯದೆಯೇ ಇರುವುದು ಬೇರೆ.

ಕಾರ್ಯಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಒಡೆತನದ ಬರಹವನ್ನು ಇದ್ದಂತೆಯೇ, ಅಪಶಬ್ದಗಳನ್ನೂ ತಿದ್ದದೆ, ಎತ್ತಿ ಬರೆಯಬೇಕು. ಹೆಸರನ್ನು ಮಸಿಯಿಂದ ಅಳಿಸಿದ್ದರೆ ಅಳಿಸಿದೆಯೆಂಬುದನ್ನೂ ಹೇಳಬೇಕು; ಒಡೆತನವು ಕೈಬದಲಿಸಿದುದಕ್ಕೆ ಅದೂ ಸಾಕ್ಷಿಯೇ. ಲಿಪಿಕಾರ, ಬರೆಯಿಸಿದವನು, ದಾನಿ, ಒಡೆಯ ಇವರನ್ನು ಬೆರಸಬಾರದು. ಒಟ್ಟಿಗೆ ಬಂದ ಕಟ್ಟುಗಳಿಗೆ ಒಂದು ಸಮಾನವಾದ ಗುರುತನ್ನಿಟ್ಟು, ವಿಷಯಕ್ರಮದಲ್ಲಿ ಬೇರೆಯಾದರೂ ಅವುಗಳ ಸಂಬಂಧವು ತಿಳಿಯುವಂತೆ ಮಾಡಬೇಕು. ಹಳೆಯ ಹಲಗೆ, ದಾರ, ಬಟ್ಟೆಗಳನ್ನು ಎಸೆಯಬಾರದು. ಸೂಚಿಯ ಕೊನೆಯಲ್ಲಿ ಕರ್ತೃಗಳ ಅನುಕ್ರಮಣಿಕೆಯಂತೆಯೇ ಒಡೆಯರ ಮತ್ತು ಊರುಗಳ ಅನುಕ್ರಮಣಿಕೆಯೂ ಇರಬೇಕು. ಅಚ್ಚಿನ ಅಪೂರ್ವಗ್ರಂಥಗಳಿಗೂ ಈ ನಿಯಮವೇ ಸಲ್ಲುತ್ತದೆ. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೇರಿಯವರ ಕನ್ನಡ ವ್ಯಾಕರಣದ ಪ್ರತಿಗಳಲ್ಲಿ ಪಾಠವು ಒಂದೇ. ಆದರೆ ಒಂದು ಪ್ರತಿಯ ಮೇಲೆ ಓರ್ವ ಮುನ್ಷಿಯ ರುಜುವಿದ್ದರೆ ಆ ಪ್ರತಿಗೆ ಜೋಡಿಯಿಲ್ಲ.

ಈಗಿನ ಕಾಲದಲ್ಲಿ ಇದಕ್ಕೆ ಸ್ಥಳವಿಲ್ಲವೆಂದು ಹೇಳುವಂತಿಲ್ಲ. ಕಂಪ್ಯೂಟರಿನ ಸೂಚಿಗಳಿಗಾಗಿ ಪ್ರಪಂಚದ ಗ್ರಂಥಾಲಯಗಳು ಅನುಸರಿಸುತ್ತಿರುವ ಮಾರ್ಕ್ ಎಂಬ ಕ್ರಮದಲ್ಲಿ, ಗ್ರಂಥವು ಈಚೆಗೆ ಯಾರಿಂದ ಬಂದಿತೆಂಬುದಕ್ಕೆ 541ನೆಯ ಅಂಕಣವೂ, ಹಿಂದಿನ ಒಡೆತನದ ವೃತ್ತಾಂತಕ್ಕೆ 561ನೆಯ ಅಂಕಣವೂ ಏರ್ಪಟ್ಟಿವೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮೂಲಕ ನಮ್ಮ ದೇಶದಲ್ಲಿಯೂ ಲಕ್ಷಾಂತರ ಪ್ರತಿಗಳ ವಿವರಗಳು ಸಂಗ್ರಹವಾಗಿವೆ. ಅಂಕಣವಿದ್ದರೆ ಸಾಲದು, ಅದನ್ನು ತುಂಬುವವರು ಬೇಕು. ಮುದ್ರಿತ ಸೂಚಿಯನ್ನು ತಿದ್ದಲು ಪುನರ್ಮುದ್ರಣವನ್ನು ಕಾಯಬೇಕಾಗಿದ್ದಿತು. ಈಗ ಆ ತೊಡಕೂ ಇಲ್ಲ.

ತುಂಬತಕ್ಕವರು ಗ್ರಂಥಪಾಲಕರು ಮಾತ್ರವಲ್ಲ. ಊರೂರುಗಳಲ್ಲಿ ಪಾಠ ಹೇಳುತ್ತಿರುವ ಅಧ್ಯಾಪಕರು ತಮ್ಮ ನೆರೆಯ ಯಾವ ಮನೆಯಿಂದ ಯಾವ ಓಲೆಗಳು ಎಲ್ಲಿಗೆ ಹೋದುವೆಂಬುದನ್ನು ಬಲ್ಲ ವೃದ್ಧರನ್ನು ಕಂಡು ಕೇಳಿ, ಅವರು ಹೇಳಿದುದನ್ನು ತೇದಿಯೊಡನೆ ಬರೆದು ಆಯಾ ಭಂಡಾರಕ್ಕೆ ಕಳುಹಿಸಬಹುದು. ಅಂತಹವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ನನ್ನ ಗುರುಗಳ ಪಿತಾಮಹರ ಹೆಸರನ್ನೂ ಊರನ್ನೂ ನಾನು ಆ ಭಂಡಾರಕ್ಕೆ ಬರೆದು ಕಳುಹಿಸಿದ್ದೇನೆ. ನನ್ನ ಪುಸ್ತಕದ ಮೊದಲ ಪುಟದಲ್ಲಿಯೂ ಅದನ್ನು ಬರೆದಿಟ್ಟಿದ್ದೇನೆ.